ಗೋಡೆಯ ಮೇಲೆ ಒಂದು ವರ್ಷ, ವೆಬ್‌ಸೈಟಿನಲ್ಲಿ ಮೂರು ತಿಂಗಳು

ಕಾರ್ಮಿಕ ಮಾರ್ಗಸೂಚಿಗಳಿಗೆ ಸಹಿ ಮಾಡುವ ಮಾನ್ಯ ಅಧಿಕಾರಿಗಳೇ,

ನಿಮ್ಮ ಎರಡು ಕಾಗದಗಳು ಎರಡು ಮಾತು ಹೇಳಿದ್ದರಿಂದ ಪಾಪಿನಾಯಕನಹಳ್ಳಿಯ ತಾಯಕ್ಕ ಎಂಬ ಕಟ್ಟಡ ಕೂಲಿ ಹೆಂಗಸಿನ ಪಿಂಚಣಿ ತಪ್ಪಿಹೋಗುತ್ತಿದೆ. ಈ ತಪ್ಪಿನಲ್ಲಿ ನನ್ನ ಪಾಲೂ ಇದೆ, ಒಪ್ಪಿಕೊಳ್ಳುತ್ತೇನೆ. ನಿಮ್ಮ ಪಾಲನ್ನು ನೀವೂ ಒಪ್ಪಿಕೊಳ್ಳಿ ಎಂದು ಕೇಳಲು ಈ ಪತ್ರವನ್ನು ಪತ್ರಿಕೆಗೆ ಕೊಡುತ್ತಿದ್ದೇನೆ. ಲಕೋಟೆಯಲ್ಲಿ ಹಾಕಿ ಕಳಿಸಿದ ಹಿಂದಿನ ಮೂರು ಪತ್ರಗಳು ನಿಮ್ಮ ಯಾವ ಕಪಾಟಿನಲ್ಲಿ ವಿಶ್ರಾಂತಿ ಪಡೆಯುತ್ತಿವೆಯೋ ನನಗೆ ತಿಳಿಯದು.

ಹೊಸಪೇಟೆ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಆನ್‌ಲೈನ್ ಸೆಂಟರ್ ಇದೆ. ಬೋರ್ಡಿನಲ್ಲಿ ಜೆರಾಕ್ಸ್, ಲ್ಯಾಮಿನೇಷನ್ ಎಂದು ಬರೆಸಿದ್ದೇನೆ. ನಿಜ ಹೇಳಬೇಕೆಂದರೆ ಅದು ನಿಮ್ಮ ಇಲಾಖೆಯದೇ ಶಾಖೆ. ಸಂಡೂರಿನ ಅದಿರು ಲಾರಿಯ ಕ್ಲೀನರ್, ಕಂಪ್ಲಿಯ ರೈಸ್‌ಮಿಲ್ ಹಮಾಲರು, ಹಂಪಿಯ ಲಾಡ್ಜುಗಳಲ್ಲಿ ಹಾಸಿಗೆ ಬಟ್ಟೆ ಒಗೆಯುವ ಹೆಂಗಸರು, ಎಲ್ಲರೂ ನೀವು ಏನು ಬರೆದಿದ್ದೀರಿ ಎಂದು ಕೇಳಲು ನನ್ನಲ್ಲಿಗೆ ಬರುತ್ತಾರೆ. ನಿಮ್ಮಲ್ಲಿಗೆ ಬಂದರೆ ವೆಬ್‌ಸೈಟ್ ನೋಡಿ ಎನ್ನುತ್ತೀರಂತೆ. ನಾನು ಓದಿ ಹೇಳುತ್ತೇನೆ. ಅರ್ಥವಾಗದ್ದನ್ನೂ ಅರ್ಥವಾದವಳ ಹಾಗೆ ಹೇಳಿದ ದಿನಗಳಿವೆ.

ತಾಯಕ್ಕ ಮೂವತ್ತು ವರ್ಷದಿಂದ ಮರಳು, ಸಿಮೆಂಟು ಹೊರುತ್ತಿದ್ದಾರೆ. ಹನ್ನೊಂದು ವರ್ಷ ಅವರ ಕಾರ್ಮಿಕರ ಕಾರ್ಡು ಒಂದು ದಿನವೂ ತಪ್ಪದೆ ಚಾಲ್ತಿಯಲ್ಲಿತ್ತು. ಡಿಸೆಂಬರ್ ಕೊನೆಗೆ ಅದರ ಅವಧಿ ಮುಗಿಯುವುದಿತ್ತು. ನವೀಕರಣಕ್ಕೆ ವರ್ಷದಲ್ಲಿ ತೊಂಬತ್ತು ದಿನ ಕೆಲಸ ಮಾಡಿದ್ದಕ್ಕೆ ಮಾಲೀಕರ ಸಹಿ ಬೇಕು. ಯಾವ ಮಾಲೀಕರು, ಸ್ವಾಮಿ? ಇವತ್ತು ಒಬ್ಬರ ಬಚ್ಚಲು, ನಾಳೆ ಇನ್ನೊಬ್ಬರ ಕಾಂಪೌಂಡು, ಆಮೇಲೆ ಎರಡು ದಿನ ಖಾಲಿ. ಇದೇ ನಮ್ಮ ಕಡೆಯ ಕಟ್ಟಡ ಕೆಲಸ. ಕೆಲಸಕ್ಕೆ ಕರೆಯುವ ಮೇಸ್ತ್ರಿ ಚನ್ನಯ್ಯನನ್ನು ಕೇಳಿದರೆ ಅವನು ಕೈಮುಗಿದ. "ನಾ ಸಹಿ ಹಾಕಿದ್ರ ನಾನ ಮಾಲಕ ಆಗ್ತೀನಿ ಬೇ. ನಾಳೆ ಯಾರರ ಬಿದ್ರ ನನ್ನ ಮ್ಯಾಲೆ ಬರ್ತಾರ." ಅವನ ಹೆದರಿಕೆ ಸುಳ್ಳಲ್ಲ. ಅವನು ಮಾಲೀಕನೋ ಕೂಲಿಯೋ ಎಂದು ನಿಮ್ಮ ಯಾವ ಸುತ್ತೋಲೆಯೂ ನಮಗೆ ತಿಳಿಯುವಂತೆ ಹೇಳಿಲ್ಲ.

ಹಾಗಾದರೆ ಮನೆಮನೆಗೆ ಹೋಗಿ ಸಹಿ ಕೇಳಬೇಕು, ಅದಕ್ಕೆ ಸಮಯ ಎಷ್ಟಿದೆ ಎಂದು ತಿಳಿಯಲು ನಾನೇ ನಿಮ್ಮ ಕಚೇರಿಗೆ ಹೋದೆ. ಗೋಡೆಯ ಮೇಲೆ ಕನ್ನಡದಲ್ಲಿ, ಸಹಿ ಮೊಹರುಗಳ ಸಮೇತ ಒಂದು ಸುತ್ತೋಲೆ ಇತ್ತು: ಅವಧಿ ಮುಗಿದ ಒಂದು ವರ್ಷದೊಳಗೆ ನವೀಕರಿಸಬಹುದು. ತಾರೀಖಿನ ಮೇಲೆ ಬೇರೊಂದು ಕಾಗದದ ಅಂಚು ಅಂಟಿಕೊಂಡಿತ್ತು. ಅದನ್ನು ಎತ್ತಿ ನೋಡದೇ ಬಂದೆ. ಅದು ನನ್ನ ಪಾಲು. ಅವಸರ ಮಾಡಬೇಡಿ, ಸಾವಕಾಶವಾಗಿ ಸಹಿ ಕೂಡಿಸಿ ಎಂದು ತಾಯಕ್ಕನಿಗೆ ಹೇಳಿದೆ.

ಅವರು ಕೆಲಸವಿಲ್ಲದ ದಿನ ನೋಡಿಕೊಂಡು ಬಸ್ಸಿನಲ್ಲಿ ಕಂಪ್ಲಿಗೆ, ಸಂಡೂರಿಗೆ ಹೋಗಿ ಹಳೆಯ ಮನೆಯವರ ಬಾಗಿಲು ತಟ್ಟಿದರು. ಒಬ್ಬರು ಗುರುತೇ ಇಲ್ಲ ಎಂದರು. ಇನ್ನೊಬ್ಬರು ಸಹಿಯ ಜೊತೆಗೆ ಬೇಕಾದ ಆಧಾರ್ ಪ್ರತಿ ಕೊಡಲು ಹೆದರಿದರು. ಅಂತೂ ತೊಂಬತ್ತೆರಡು ದಿನಗಳ ಸಹಿ ಹಿಡಿದು ಏಪ್ರಿಲ್ ಒಂಬತ್ತರಂದು ಬಂದರು. ನಾನು ಅರ್ಜಿ ತುಂಬಿದೆ. ನವೀಕರಣದ ಅವಧಿ ಮೀರಿದೆ ಎಂದು ಪರದೆಯ ಮೇಲೆ ಕೆಂಪಕ್ಷರ ಬಂತು. ನಿಮ್ಮ ವೆಬ್‌ಸೈಟಿನಲ್ಲಿ ಹುಡುಕುತ್ತಾ ಹೋದರೆ ಹಿಂದಿನ ಅಕ್ಟೋಬರಿನಲ್ಲೇ ಹೊರಡಿಸಿದ ಹೊಸ ಮಾರ್ಗಸೂಚಿ ಸಿಕ್ಕಿತು. ಇಂಗ್ಲಿಷಿನಲ್ಲಿ, ಓರೆಯಾಗಿ ಸ್ಕ್ಯಾನ್ ಮಾಡಿದ ಹದಿನಾಲ್ಕು ಪುಟ. ಹನ್ನೊಂದನೇ ಪುಟದಲ್ಲಿ ಒಂದು ಸಾಲು: ಮೂರು ತಿಂಗಳು ಮಾತ್ರ. ಒಂಬತ್ತು ದಿನ ತಡವಾಗಿತ್ತು.

ಹೊಸದಾಗಿ ನೋಂದಾಯಿಸಿ, ಹಳೆಯ ಹನ್ನೊಂದು ವರ್ಷ ಲೆಕ್ಕಕ್ಕಿಲ್ಲ ಎನ್ನುತ್ತೀರಿ. ಪಿಂಚಣಿಗೆ ಅರವತ್ತು ತುಂಬುವ ಮೊದಲು ಸತತ ಮೂರು ವರ್ಷದ ನೋಂದಣಿ ಬೇಕೆಂದು ಬರೆದವರೂ ನೀವೇ. ಆಧಾರ್ ಪ್ರಕಾರ ತಾಯಕ್ಕನಿಗೆ ಜೂನ್ ಒಂದಕ್ಕೆ ಅರವತ್ತು. ಆ ತಾರೀಖೂ ಸರ್ಕಾರ ಕೊಟ್ಟದ್ದೇ. ಜೋಳದ ಸುಗ್ಗಿಯಲ್ಲಿ ಹುಟ್ಟಿದ್ದು ಎಂಬುದಷ್ಟೇ ಅವರಿಗೆ ಗೊತ್ತು. ಕಾನೂನು ಕೊಟ್ಟದ್ದನ್ನು ಮಾರ್ಗಸೂಚಿ ಕಿತ್ತುಕೊಂಡಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುವುದು ಇದಕ್ಕೇ.

ನಿಮ್ಮ ಕಚೇರಿಗೆ ಓಡಿದೆ. ಗೋಡೆಯ ಕಾಗದ ತೋರಿಸಿದೆ. ಗುಮಾಸ್ತರು ತಲೆ ಎತ್ತದೆ ಹೇಳಿದರು: "ಅದು ಹಳೇದ್ರೀ. ಗೋಡಿ ಮ್ಯಾಲಿನ ಕಾಗದಕ್ಕ ನಾವು ಜವಾಬ್ದಾರಿ ಅಲ್ಲ." ಹಾಗಾದರೆ ಅದನ್ನೇಕೆ ಇನ್ನೂ ಇಟ್ಟಿದ್ದೀರಿ ಎಂದರೆ, ತೆಗೆಯಲು ಮೇಲಿನಿಂದ ಆದೇಶ ಬಂದಿಲ್ಲವಂತೆ! ನಿಮ್ಮ ಎರಡೂ ಕಾಗದಗಳು ಒಂದು ವಿಷಯದಲ್ಲಿ ಮಾತ್ರ ಒಮ್ಮತದಲ್ಲಿವೆ. ಎರಡರ ಕೊನೆಯಲ್ಲೂ, ಇದು ತಿಳಿವಳಿಕೆಗಾಗಿ ಮಾತ್ರ, ಪರಿಣಾಮಗಳಿಗೆ ಇಲಾಖೆ ಹೊಣೆಯಲ್ಲ ಎಂದಿದೆ. ಒಂಬತ್ತು ದಿನ ಮೀರಿದ ತಾಯಕ್ಕನಿಗೆ ಮಾರ್ಗಸೂಚಿ ಕಲ್ಲಿನ ಮೇಲೆ ಕೊರೆದ ಶಾಸನ, ಆರು ತಿಂಗಳು ಹಳೆಯ ಕಾಗದ ತೆಗೆಯದ ನಿಮಗೆ ಬರೀ ತಿಳಿವಳಿಕೆಯೇ?

ತಾಯಕ್ಕ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಓದಿದಾಕಿ ನಿನಗ ತಿಳೀಲಿಲ್ಲ, ನನಗೇನು ತಿಳೀತದ ಬಿಡವ್ವಾ," ಎಂದು ಸಹಿಗಳ ಕಾಗದಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಕೆಲಸಕ್ಕೆ ಹೋದರು. ಅಂದಿನಿಂದ ಯಾರಾದರೂ ಫಾರಂ ಹಿಡಿದು ಬಂದರೆ ನಾನೂ ನಿಮ್ಮ ಹಾಗೆ ವೆಬ್‌ಸೈಟ್ ನೋಡಿ ಎಂದು ಹೇಳತೊಡಗಿದ್ದೇನೆ. ನನ್ನ ಬಾಯಿಂದ ಆ ಮಾತು ಬಂದಾಗ ನಾಚಿಕೆಯಾಗುತ್ತದೆ.

ನಾನು ಕೇಳುವುದು ದಯೆಯಲ್ಲ. ನಿಮ್ಮ ಸಹಿಯನ್ನು ನಂಬಿ ನಡೆದವರು ನಿಯಮದಂತೆ ನಡೆದವರೆಂದು ಒಪ್ಪಿಕೊಳ್ಳಿ. ತಾಯಕ್ಕನ ಅರ್ಜಿ ಸಕಾಲದ್ದೆಂದು ಜೂನ್ ಒಂದರೊಳಗೆ ಬರೆದುಕೊಡಿ. ಇನ್ನು ಮುಂದೆ ಬರೆಯುವುದನ್ನು ಕನ್ನಡದಲ್ಲಿ, ಕಾಣುವ ತಾರೀಖಿನೊಂದಿಗೆ ಬರೆಯಿರಿ.

ಆ ಹಳೆಯ ಸುತ್ತೋಲೆಯನ್ನು ನಿನ್ನೆ ಹಗಲಿನಲ್ಲೇ, ನಿಮ್ಮ ಸಿಬ್ಬಂದಿಯ ಎದುರಿಗೇ ಗೋಡೆಯಿಂದ ಕಿತ್ತು ತಂದಿದ್ದೇನೆ. ಸರ್ಕಾರಿ ದಾಖಲೆ ಕದ್ದಳೆಂದು ನನ್ನ ಮೇಲೆ ದೂರು ಕೊಡಿ. ದಯವಿಟ್ಟು ಕೊಡಿ. ಆಗಲಾದರೂ ಅದು ನಿಮ್ಮದೇ ಕಾಗದವೆಂದು ನೀವು ಸಹಿ ಮಾಡಿ ಬರೆದುಕೊಡಬೇಕಾಗುತ್ತದೆ.

ಇಂತಿ,
ತಾರೀಖು ನೋಡದೆ ಮೊಹರನ್ನು ನಂಬಿದ
ಗಂಗಾಂಬಿಕಾ
ಹೊಸಪೇಟೆ