ಒಡೆದ ಟಿವಿಯ ಬೆಳಕು

ನವೆಂಬರ್ 14, ಗುರುವಾರ

ಕ್ಯಾಮೆರಾ ರೀಲು ತೊಳೆಯುವ ಅಂಗಡಿ ಬಾಗಿಲು ತೆಗೆಯುವುದು ಬೆಳಿಗ್ಗೆ ಹತ್ತಕ್ಕೆ. ಅಲ್ಲಿಯವರೆಗೆ ನನಗೆ ನಿದ್ದೆ ಹತ್ತುವ ಹಾಗಿಲ್ಲ.

ಇ-ತ್ಯಾಜ್ಯದ ರಾಶಿಯ ಪಕ್ಕದ ಶೆಡ್ಡಿನಲ್ಲಿ ಹಳೆ ಟಿವಿ ಬಿಚ್ಚುವ ಅಕ್ಕ ಇವತ್ತು ಕೊನೆಗೂ ಫೋಟೋಕ್ಕೆ ಕೂತಳು. ಹೋದ ಸಲ ವೈರು ಸುಡುವಾಗ ನಾನು ತೆಗೆದ ಚಿತ್ರ ನೋಡಿ, "ಬರೀ ಹೊಗೆ. ಇದರಲ್ಲಿ ನಾನೆಲ್ಲಿದ್ದೀನಿ?" ಅಂತ ಮುಖ ತಿರುಗಿಸಿದ್ದವಳು. ಗ್ಯಾಲರಿಯವರಿಗೆ ಆ ಹೊಗೆಯೇ ಬಲು ಇಷ್ಟ. ನನ್ನ ಪ್ರದರ್ಶನದ ಮುಖ್ಯ ಗೋಡೆಗೆ ಅದನ್ನೇ ಆರಿಸಿಟ್ಟಿದ್ದಾರೆ.

ಶೆಡ್ಡಿನೊಳಗೆ ಕತ್ತಲೆ ಅಂತ ನಾನು ಗೊಣಗುತ್ತಿದ್ದೆ. "ಬೆಳಕು ತಾನೇ ಬೇಕು?" ಅಂದವಳೇ ದೊಡ್ಡ ಟಿವಿಯೊಂದರ ಒಡೆದ ಪರದೆ ಕಿತ್ತು ಪಕ್ಕಕ್ಕಿಟ್ಟು, ವೈರು ಸಿಕ್ಕಿಸಿದಳು. ಪರದೆಯ ಹಿಂದಿದ್ದ ದೀಪಗಳು ಇನ್ನೂ ಬದುಕಿದ್ದವು. ಎಂಥ ಮೆತ್ತನೆಯ ಬೆಳಕು! ಸ್ಟುಡಿಯೋದಲ್ಲೂ ನಾನು ಅಂಥದ್ದು ಕಂಡಿಲ್ಲ. ಫೋಕಸ್ ಎರಡೆರಡು ಸಲ ಸರಿಮಾಡಿಕೊಂಡೆ.

ಅಕ್ಕನ ಪಕ್ಕ ಅವಳ ಅತ್ತೆಯೂ ಬಂದು ಕೂತರು. ಖಾಲಿ ಬೆಳಕನ್ನೇ ಸ್ವಲ್ಪ ಹೊತ್ತು ನೋಡಿ, "ಸೌಂಡ್ ಯಾಕೆ ಬರ್ತಿಲ್ಲ?" ಅಂದರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು, ಅತ್ತೆಗೂ ನಗು ಬಂತು. ಆಗ ಒತ್ತಿದೆ.

ಇನ್ನೊಂದು ತೆಗೆಯೋಣ ಅಂದರೆ ರೀಲು ಮುಗಿದಿತ್ತು. ಹೊಸದು ಹಾಕುವಷ್ಟರಲ್ಲಿ ಅಕ್ಕ ಸ್ಕ್ರೂಡ್ರೈವರ್ ಹಿಡಿದು ದೀಪದ ಪಟ್ಟಿಗಳನ್ನೆಲ್ಲ ಬಿಚ್ಚಿಯಾಗಿತ್ತು. "ನಿನ್ನ ಕೆಲಸ ಆಯ್ತಲ್ಲ, ಇನ್ನು ನಂದು."

ರೀಲು ದಿಂಬಿನ ಪಕ್ಕದಲ್ಲೇ ಇದೆ. ಮುಖ್ಯ ಗೋಡೆಯಿಂದ ಆ ಹೊಗೆಯನ್ನು ಇಳಿಸ್ತೀನಿ, ಗ್ಯಾಲರಿಯವರು ಏನಾದರೂ ಅಂದುಕೊಳ್ಳಲಿ. ಅಲ್ಲಿ ಅತ್ತೆ ಸೊಸೆ ಇಬ್ಬರೂ ಕೂತು ನಗಬೇಕು.

ಚಿತ್ರ ಬಂದಿದ್ದರೆ.