ಇನ್ಸ್‌ಪೆಕ್ಟರಮ್ಮನ ನಾಲಿಗೆ

ಹದಿನೇಳನೇ ತಾರೀಖು, ಬುಧವಾರ
ಮಧ್ಯಾಹ್ನ

ಪ್ರೀತಿಯ ಸೊಸೆಗೆ,

ನಿನ್ನ ಅತ್ತೆಯ ಆಶೀರ್ವಾದಗಳು. ಇಲ್ಲಿ ನಾವು ಮೂವರೂ ಚೆನ್ನಾಗಿದ್ದೀವಿ. ಟ್ರೇನಿಂಗಿನಲ್ಲಿ ಊಟ ಹೊತ್ತಿಗೆ ಸರಿಯಾಗಿ ಮಾಡ್ತಿದ್ದೀಯ ತಾನೆ? ನೀನು ಹೋಗಿ ಇಪ್ಪತ್ತನಾಲ್ಕು ದಿನ ಆಯಿತು, ನಾನು ಒಂದು ಕಾಗದ ಬರೆಯಲಿಲ್ಲ. ಬೇಜಾರು ಮಾಡಿಕೋಬೇಡ. ದಿನಾ ಫೋನಿನಲ್ಲಿ ಮಾತಾಡ್ತೀವಲ್ಲ, ಇನ್ನು ಕಾಗದ ಯಾಕೆ ಅಂತೀಯ. ಫೋನಿನಲ್ಲಿ ಮಾತಾಡಿದರೆ ಕೊನೇ ಮಾತು ನಂದೇ ಆಗಬೇಕು ಅನ್ನೋ ಹಟ ಬರುತ್ತೆ ನನಗೆ. ಕಾಗದದಲ್ಲಿ ಎದುರು ಮಾತಾಡೋರೇ ಇರಲ್ಲ, ಹಾಗಾಗಿ ಸೋಲೋದು ಸ್ವಲ್ಪ ಸುಲಭ.

ನೀನು ಫೋನ್ ಮಾಡಿ, "ಮಗು ಊಟ ಮಾಡಿತಾ ಅತ್ತೆ?" ಅಂತ ಕೇಳಿದಾಗಲೆಲ್ಲ, "ಓ, ಚೆನ್ನಾಗಿ" ಅಂದೆನಲ್ಲ, ಅದರಲ್ಲಿ ಮೊದಲ ಎರಡು ವಾರದ್ದು ಪೂರ್ತಿ ಸುಳ್ಳು. ಈಗಿನದು ನಿಜ. ಗಾಬರಿ ಆಗಬೇಡ, ಕೂತು ಓದು.

ನೀನು ಹೊರಡೋ ದಿನ ಫ್ರಿಜ್ಜಿನ ಮೇಲೆ ಎರಡು ಹಾಳೆ ಅಂಟಿಸಿ ಹೋದೆಯಲ್ಲ, ಅದನ್ನ ನೋಡಿ ನನಗೆ ಮೈಯೆಲ್ಲ ಉರಿಯಿತು. ಹಾಸ್ಟೆಲಿನಲ್ಲಿ ಇಪ್ಪತ್ತೆಂಟು ವರ್ಷ ನಾನೂರು ಮಕ್ಕಳಿಗೆ ಅಡುಗೆ ಮಾಡಿ ಹಾಕಿದವಳು ನಾನು. ತಟ್ಟೆ ತೊಳೆಯೋ ಹೆಂಗಸರು, "ಅಮ್ಮಾ, ಮಕ್ಕಳು ತಟ್ಟೆ ನೆಕ್ಕಿ ಇಡ್ತಾರೆ, ನಮಗೆ ಕೆಲಸವೇ ಇಲ್ಲ" ಅಂತಿದ್ದರು. ಅಂಥವಳಿಗೆ ನನ್ನ ಸೊಸೆ, ಅನ್ನ ಆಲೂಗಡ್ಡೆಗೆ ತಾಗಬಾರದು, ಬಾಳೆಹಣ್ಣಿನ ಮೇಲೆ ಒಂದು ಚುಕ್ಕೆಯೂ ಇರಬಾರದು, ಬ್ರೆಡ್ಡಿನ ಅಂಚು ಕತ್ತರಿಸಬೇಕು, ಕತ್ತರಿಸಿದ ಅಂಚು ಮಗಳ ಕಣ್ಣಿಗೂ ಬೀಳಬಾರದು ಅಂತ ಬರೆದಿಡೋದೇ? ಅಂಚು ಕಂಡರೇನು, ಅದೇನು ಹಾವೇ?

"ಅತ್ತೆ, ಇದು ಹಟ ಅಲ್ಲ, ಆಟಿಸಂ ಇರೋ ಎಷ್ಟೋ ಮಕ್ಕಳಿಗೆ ರುಚಿ, ವಾಸನೆ, ಮೆತ್ತಗಿರೋದು, ಗಟ್ಟಿ ಇರೋದು ಎಲ್ಲ ನಮಗಿಂತ ಎಷ್ಟೋ ಜೋರಾಗಿ ತಾಗುತ್ತೆ" ಅಂತ ನೀನು ಹೇಳಿದ್ದೆ. ನಾನು ಹೂಂ ಅಂದಿದ್ದೆ. ಒಳಗೊಳಗೆ, ಈ ಕಾಲದವರಿಗೆ ಮುದ್ದಿಗೂ ಒಂದು ಇಂಗ್ಲಿಷ್ ಹೆಸರು ಬೇಕು ಅಂದುಕೊಂಡೆ. ನೀನು ಬರೋದರೊಳಗೆ ಮಗು ಎಲ್ಲ ತಿನ್ನೋ ಹಾಗೆ ಮಾಡಿ, ಬಾಗಿಲಲ್ಲೇ ನಿನಗೆ ತೋರಿಸಬೇಕು ಅಂತ ಟೊಂಕ ಕಟ್ಟಿ ನಿಂತೆ.

ಎರಡನೇ ದಿನವೇ ಶುರು ಮಾಡಿದೆ. ಕುಂಬಳಕಾಯಿ ಬೇಯಿಸಿ, ನುಣ್ಣಗೆ ಅರೆದು, ಬಟ್ಟೆಯಲ್ಲಿ ಸೋಸಿ, ಅವಳ ಹಿಸುಕಿದ ಆಲೂಗಡ್ಡೆಗೆ ಅರ್ಧ ಚಮಚ ಸೇರಿಸಿದೆ. ಅರ್ಧವೇ ಅರ್ಧ. ದೇವರಿಗೂ ಗೊತ್ತಾಗಬಾರದು, ಹಾಗೆ ಬೆರೆಸಿದ್ದೆ. ತಟ್ಟೆ ಮುಂದಿಟ್ಟೆ. ನಿನ್ನ ಮಗಳು ಬಗ್ಗಿ ಮೂಸಿದಳು. ತಟ್ಟೆ ತಿರುಗಿಸಿ ಆ ಕಡೆಯಿಂದ ಮೂಸಿದಳು. ತನಿಖೆಗೆ ಬಂದ ಪೊಲೀಸ್ ಇನ್ಸ್‌ಪೆಕ್ಟರ್ ಥರ ನನ್ನ ಮುಖ ನೋಡಿದಳು. ಆಮೇಲೆ ಎದ್ದು, ತಟ್ಟೆ ಎರಡೂ ಕೈಲಿ ಹಿಡಿದುಕೊಂಡು ಹೋಗಿ ಮುಂಬಾಗಿಲ ಹೊರಗೆ, ಚಪ್ಪಲಿ ಪಕ್ಕ ಇಟ್ಟು, ಬಾಗಿಲು ಹಾಕಿ ಬಂದಳು.

ಅವತ್ತಿನಿಂದ ಅವಳಿಗೆ ಇನ್ಸ್‌ಪೆಕ್ಟರಮ್ಮ ಅಂತ ಹೆಸರಿಟ್ಟೆ.

ನಗಬೇಡ, ನಗೋ ಭಾಗ ಆಮೇಲೆ ಬರುತ್ತೆ. ಅವಳು ಕುಂಬಳಕಾಯಿ ಬಿಟ್ಟಳು ಅಂದರೆ ಬಿಡಲಿ. ಆಲೂಗಡ್ಡೆಯನ್ನೂ ಬಿಟ್ಟಳು. ಅನ್ನ ಬಿಟ್ಟಳು. ನನ್ನ ಕೈಯಿಂದ ಬಂದದ್ದೆಲ್ಲ ಬಿಟ್ಟಳು. ಹಳದಿ ಪ್ಯಾಕೆಟ್ಟಿನ ಬಿಸ್ಕತ್ತು, ಅದೂ ತಾನೇ ಹರಿದು ತೆಗೆದದ್ದು, ಅಷ್ಟೇ. ನಾಲ್ಕನೇ ದಿನ ಪಕ್ಕದ ಮನೆಯ ಟೈಲರಮ್ಮ ಬಂದು, "ನೀವು ಬಿಸ್ಕತ್ತು ಕೊಡ್ತೀರಿ, ಅದಕ್ಕೇ ಅವಳು ಊಟ ಬಿಡ್ತಾಳೆ. ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು. ಒಂದು ದಿನ ಬಿಗಿಯಾಗಿರಿ, ಕಲ್ಲು ಕೊಟ್ಟರೂ ತಿಂತಾಳೆ" ಅಂದರು. ನನಗೂ ಅದೇ ಬೇಕಾಗಿತ್ತು. ಬಿಸ್ಕತ್ತಿನ ಡಬ್ಬಿ ತೆಗೆದು ಅಟ್ಟದ ಮೇಲಿಟ್ಟೆ.

ಮರುದಿನ ಬೆಳಿಗ್ಗೆ ತಿನ್ನಲಿಲ್ಲ. ಮಧ್ಯಾಹ್ನ ತಿನ್ನಲಿಲ್ಲ. ಅಳಲೂ ಇಲ್ಲ. ಅತ್ತಿದ್ದರೆ ನಾನು ಗೆಲ್ತಿದ್ದೀನಿ ಅಂತಾದರೂ ಅನಿಸ್ತಿತ್ತು. ಸುಮ್ಮನೆ ಸೋಫಾದ ಮೂಲೆಯಲ್ಲಿ ಮುದುಡಿ ಕೂತು, ನೀರು ಕುಡಿದು, ಗೋಡೆ ನೋಡ್ತಿದ್ದಳು. ಸಂಜೆ ಐದಕ್ಕೆ ನಿನ್ನ ಗಂಡ ವರ್ಕ್‌ಶಾಪಿನಿಂದ ಬಂದ. ಮಗುವಿನ ಮುಖ ನೋಡಿದ, ನನ್ನ ಮುಖ ನೋಡಿದ. ಸ್ಟೂಲ್ ಹಾಕಿ ಅಟ್ಟದಿಂದ ಡಬ್ಬಿ ಇಳಿಸಿ ಅವಳ ಮುಂದಿಟ್ಟ. ಆಮೇಲೆ ನನ್ನ ಕೈ ಹಿಡಿದು ಫ್ರಿಜ್ಜಿನ ಹತ್ತಿರ ಕರೆದುಕೊಂಡು ಹೋಗಿ, ನಿನ್ನ ಹಾಳೆಯ ಮೂರನೇ ಸಾಲಿನ ಮೇಲೆ ಬೆರಳಿಟ್ಟ. "ಹಸಿದರೆ ತಿಂತಾಳೆ ಅಂತ ಯಾರು ಹೇಳಿದರೂ ನಂಬಬೇಡಿ. ತಿನ್ನಲ್ಲ. ಡಾಕ್ಟರೇ ಹೇಳಿದ್ದಾರೆ." ಕೆಳಗೆ ಎರಡು ಗೆರೆ ಎಳೆದಿದ್ದೆ ನೀನು. ನಾನು ಮೊದಲೇ ಓದಿದ್ದೆ. ಆ ಎರಡು ಗೆರೆ ನನಗೇ ಎಳೆದದ್ದು ಅಂತ ಸಿಟ್ಟು ಮಾಡಿಕೊಂಡು ಬಿಟ್ಟಿದ್ದೆ, ಅಷ್ಟೇ.

ಹೀಗೆ ಬಿಸ್ಕತ್ತು ಒಂದೇ ಗತಿ ಆಗಿರೋವಾಗ ಕಂಪನಿಯವರಿಗೆ ಏನು ಕೇಡುಗಾಲ ಬಂತೋ, ಪ್ಯಾಕೆಟ್ ಬದಲಾಯಿಸಿಬಿಟ್ಟರು. ಹಳದಿ ಇದ್ದದ್ದು ಹಸಿರಾಯಿತು. ಇನ್ಸ್‌ಪೆಕ್ಟರಮ್ಮ ಹಸಿರು ಪ್ಯಾಕೆಟ್ ಹರಿದಳು, ಮೂಸಿದಳು, "ಬೇರೆ" ಅಂದಳು. ಹೋಗಿ ಚಪ್ಪಲಿ ಪಕ್ಕ ಇಟ್ಟಳು.

"ಬೇರೆ ಅಲ್ಲ ಕಣೇ, ಅಂಗಿ ಬದಲಾಯಿಸಿದೆ ಅಷ್ಟೇ, ಒಳಗೆ ಅದೇ" ಅಂದೆ.

"ಬೇರೆ."

ಚಪ್ಪಲಿ ಮೆಟ್ಟಿ ಹೊರಟೆ. ಒಂದಂಗಡಿ, ಎರಡಂಗಡಿ, ಏಳಂಗಡಿ. ಎಲ್ಲಾ ಕಡೆ ಹಸಿರೇ. ಕೊನೆಗೆ ಬಸ್ ಸ್ಟಾಪಿನ ಹಿಂದಿನ ಸಂದಿಯಲ್ಲಿ ಒಂದು ಅಂಗಡಿ. ಮುದುಕ ಪೇಪರ್ ಓದ್ತಾ ಕೂತಿದ್ದ.

"ಹಳೇ ಬಿಸ್ಕತ್ತು ಇದೆಯಾ?" ಅಂದೆ.

"ಹೊಸದೇ ಇದೆ ಅಮ್ಮ, ನಿನ್ನೆ ಬಂದಿದ್ದು, ತಾಜಾ."

"ತಾಜಾ ಬೇಡ. ಹಳೇದೇ ಬೇಕು. ಎಷ್ಟು ಧೂಳು ಹಿಡಿದಿದ್ದರೂ ಪರವಾಗಿಲ್ಲ."

ಅವನು ಕನ್ನಡಕ ಮೇಲೆತ್ತಿ ನೋಡಿದ. "ಇಷ್ಟು ವರ್ಷ ಅಂಗಡಿ ನಡೆಸಿದೀನಿ, ಹಳೇದು ಕೊಟ್ಟೆ ಅಂತ ಬೈದವರು ಉಂಟು, ಹಳೇದು ಬೇಕು ಅಂತ ಬಂದವರು ನೀವೇ ಮೊದಲು" ಅಂತ ಒಳಗೆ ಹೋದ. ಇಡೀ ಪೆಟ್ಟಿಗೆ ಹಳದಿ ಪ್ಯಾಕೆಟ್ ಹೊತ್ತು ತಂದ. ನನಗೆ ಅವನ ಕಾಲಿಗೆ ಬೀಳೋ ಹಾಗಾಯಿತು.

ಮನೆಗೆ ಬಂದ ಮೇಲೆ ನನ್ನ ಹಳೇ ಬುದ್ಧಿ ಮತ್ತೆ ಎದ್ದಿತು. ಇದು ಬರೀ ಬಣ್ಣದ ಹಟ, ಸಾಬೀತು ಮಾಡಿಬಿಡ್ತೀನಿ ಅಂತ ಟೈಲರಮ್ಮನ್ನ ಕರೆದೆ. ಅವರು ಒಳಗೆ, ನಮ್ಮ ಕಣ್ಣಿಗೆ ಕಾಣದ ಹಾಗೆ, ಎಂಟು ತಟ್ಟೆಯಲ್ಲಿ ಒಂದೊಂದು ಬಿಸ್ಕತ್ತು ಇಡಬೇಕು, ಯಾವುದು ಹಳದೀದು, ಯಾವುದು ಹಸಿರಿಂದು ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು. ನಾನೂ ಮೊಮ್ಮಗಳೂ ಮೂಸಿ ಹೇಳಬೇಕು. ಪಂಥ ನನ್ನದೇ, ನಿಯಮ ನನ್ನದೇ.

ನಾನು ಮೂಸಿದೆ, ಕಚ್ಚಿದೆ, ಅಗಿದೆ, ಕಣ್ಣು ಮುಚ್ಚಿ ನಾಲಿಗೆ ಮೇಲಿಟ್ಟುಕೊಂಡು ಧ್ಯಾನ ಮಾಡಿದೆ. ಎಂಟರಲ್ಲಿ ಮೂರು ಸರಿ. ಇನ್ಸ್‌ಪೆಕ್ಟರಮ್ಮ ಕಚ್ಚಲೂ ಇಲ್ಲ. ತಟ್ಟೆಯ ಮೇಲೆ ಮೂಗಿಟ್ಟು, "ಅದೇ. ಬೇರೆ. ಬೇರೆ. ಅದೇ" ಅಂತ, ಕಂಡಕ್ಟರ್ ಟಿಕೆಟ್ ಹರಿಯೋ ಹಾಗೆ ಹೇಳ್ತಾ ಹೋದಳು. ಎಂಟಕ್ಕೆ ಎಂಟು! ಟೈಲರಮ್ಮ ಚೀಟಿ ನೋಡ್ತಾ, "ಅಯ್ಯೋ, ನನಗೇ ಹೆದರಿಕೆ ಆಗ್ತಿದೆ" ಅಂದರು.

ನನಗೆ ಆಗಲೂ ನಂಬಿಕೆ ಬರಲಿಲ್ಲ. ಪ್ಯಾಕೆಟ್ಟಿನ ಹಿಂದೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ನಂಬರ್ ಇತ್ತು, ಫೋನ್ ಮಾಡಿದೆ. ದೂರು ಇದ್ದರೆ ಒಂದು ಒತ್ತಿ ಅಂದಿತು. ದೂರಲ್ಲ, ಪಂಥ ಅಂದರೆ ಆ ಯಂತ್ರಕ್ಕೆ ಅರ್ಥ ಆಗಬೇಕಲ್ಲ. ಮೂರು ಜನರನ್ನ ದಾಟಿ ನಾಲ್ಕನೆಯವನು ಸಿಕ್ಕ.

"ಬಿಸ್ಕತ್ತಿನಲ್ಲಿ ಏನು ಬದಲಾಯಿಸಿದ್ದೀರಪ್ಪ?"

"ಪ್ಯಾಕೆಟ್ ಮಾತ್ರ ಮೇಡಂ."

"ಸುಳ್ಳು ಹೇಳಬೇಡ. ನಾನೂ ಅಡುಗೆಯವಳು."

ಅವನು ದನಿ ತಗ್ಗಿಸಿ, "ಎಣ್ಣೆ ಬದಲಾಯಿಸಿದ್ದೀವಿ ಮೇಡಂ. ಆದರೆ ಎಷ್ಟೋ ಜನರಿಗೆ ತಿನ್ನಿಸಿ ನೋಡಿದ್ವಿ, ಒಬ್ಬರಿಗೂ ಗೊತ್ತಾಗಲಿಲ್ಲ. ನಿಮಗೆ ಹೇಗೆ ಗೊತ್ತಾಯಿತು?" ಅಂದ.

"ನಮ್ಮನೇಲಿ ಇನ್ಸ್‌ಪೆಕ್ಟರ್ ಇದ್ದಾರೆ" ಅಂದೆ.

"ಯಾವ... ಯಾವ ಇಲಾಖೆ ಮೇಡಂ?"

"ಒಂದನೇ ಕ್ಲಾಸು" ಅಂತ ಹೇಳಿ ಇಟ್ಟುಬಿಟ್ಟೆ.

ಇಟ್ಟ ಮೇಲೆ ನಗು ಬಂತು, ಆಮೇಲೆ ನಗು ನಿಂತಿತು. ಅವಳು ಸೋಫಾದಲ್ಲಿ ಹಳದಿ ಬಿಸ್ಕತ್ತನ್ನ ಅಂಚಿನಿಂದ ಸುತ್ತಲೂ ಕಡಿಯುತ್ತಾ ಕೂತಿದ್ದಳು. ಇಪ್ಪತ್ತೆಂಟು ವರ್ಷ ಎಣ್ಣೆ ಕಾಯಿಸಿದ ನನಗೆ ತಿಳಿಯದ್ದು, ಏಳು ವರ್ಷದ ಈ ಕೂಸಿನ ಮೂಗಿಗೆ ತಿಳಿಯಿತು. ಅಂಥ ನಾಲಿಗೆ ಮೇಲೆ ನಾನು ಕುಂಬಳಕಾಯಿ ಕಳ್ಳಸಾಗಣೆ ಮಾಡಿದ್ದೆ! ಅವಳಿಗೆ ಅದು ಅರ್ಧ ಚಮಚ ಆಗಿರಲಿಲ್ಲ ಅಮ್ಮಾ. ಕಿವಿಯೊಳಗೆ ಯಾರೋ ತಮಟೆ ಬಡಿದ ಹಾಗಿದ್ದಿರಬೇಕು. ಅದರ ಮೇಲೆ ನಾನು, ಏನೂ ಹಾಕಿಲ್ಲ ಅಂತ ಮುಖ ಇಟ್ಟುಕೊಂಡು ಎದುರಿಗೆ ಕೂತಿದ್ದೆ.

ಮರುದಿನದಿಂದ ಅಡುಗೆಮನೆ ಬಾಗಿಲು ತೆರೆದಿಟ್ಟೆ. ಅವಳಿಗೆ ಸ್ಟೂಲ್ ಹಾಕಿದೆ. ಜಾದೂಗಾರನ ಹಾಗೆ ಎರಡೂ ಕೈ ತೋರಿಸಿ, "ಆಲೂಗಡ್ಡೆ. ಎಣ್ಣೆ. ಉಪ್ಪು. ಇಷ್ಟೇ" ಅನ್ನೋದು. ಅವಳು ಇಳಿದು ಬಂದು ಕಸದ ಬುಟ್ಟಿಯಲ್ಲಿ ಕುಂಬಳಕಾಯಿ ಸಿಪ್ಪೆ ಇದೆಯಾ ಅಂತ ತನಿಖೆ ಮಾಡಿ ಮತ್ತೆ ಸ್ಟೂಲ್ ಹತ್ತೋದು. ತಿನ್ನು ಅಂತ ಒಂದು ದಿನವೂ ಹೇಳಲಿಲ್ಲ. ತಟ್ಟೆ ಇಡೋದು, ಅವಳು ಮುಟ್ಟದಿದ್ದರೆ ಬಾಯಿ ಮುಚ್ಚಿಕೊಂಡು ಎತ್ತೋದು. ನನ್ನ ಬಾಯಿ ಮುಚ್ಚೋದು ಎಷ್ಟು ಕಷ್ಟ ಅಂತ ನಿನಗೆ ಬೇರೆ ಹೇಳಬೇಕಾಗಿಲ್ಲ. ಆರನೇ ದಿನ ಒಂದು ತುಂಡು ಆಲೂಗಡ್ಡೆ ತೆಗೆದುಕೊಂಡಳು. ತಿಂದು, ನನ್ನ ಕೈ ನೋಡಿ, "ಇಷ್ಟೇ" ಅಂದಳು. ನಾನೂರು ತಟ್ಟೆ ಖಾಲಿಯಾದಾಗಲೂ ನನಗೆ ಅಷ್ಟು ಸಂತೋಷ ಆಗಿರಲಿಲ್ಲ. ಒಲೆ ಕಡೆ ತಿರುಗಿ ನಿಂತುಕೊಂಡೆ, ಕಣ್ಣೊರೆಸಿಕೊಳ್ಳೋಕೆ.

ಈಗ ಅವಳ ಊಟಕ್ಕೆ ಅನ್ನ ವಾಪಸ್ ಬಂದಿದೆ, ಬಾಳೆಹಣ್ಣು ಬಂದಿದೆ. ಮೊನ್ನೆ ನಾನು ಸೇಬು ಹೆಚ್ಚುತ್ತಿದ್ದೆ, ನನಗೇ ಅಂತ. ಅವಳೇ ಒಂದು ಹೋಳು ತೆಗೆದು, ಮೂಸಿ, ನಾಲಿಗೆಯ ತುದಿ ತಾಗಿಸಿ, "ಕಿರ್ರ್ ಅನ್ನುತ್ತೆ" ಅಂತ ವಾಪಸ್ ನನ್ನ ತಟ್ಟೆಗೇ ಇಟ್ಟಳು. ತಿನ್ನಲಿಲ್ಲ. ಹೊಸದಾಗಿ ಏನೂ ತಿಂದಿಲ್ಲ, ಆಸೆ ಇಟ್ಟುಕೊಂಡು ಬರಬೇಡ. ಆದರೆ ಚಪ್ಪಲಿ ಪಕ್ಕ ಇಡಲಿಲ್ಲವಲ್ಲ! ಹಳದಿ ಪ್ಯಾಕೆಟ್ ನೀನು ಬರೋವರೆಗೂ ಸಾಕು, ಆಮೇಲಿನದು ಇಬ್ಬರೂ ಕೂತು ಯೋಚಿಸೋಣ.

ಹೋದ ವರ್ಷ ನೆಂಟರೆಲ್ಲ ಸೇರಿದ್ದಾಗ, ಎಲ್ಲರ ಎದುರು, "ನೀನೇ ಮುದ್ದು ಮಾಡಿ ಮಗುವಿನ ಬಾಯಿ ಕೆಡಿಸಿದ್ದೀಯ" ಅಂದುಬಿಟ್ಟೆ. ನೀನು ಎದ್ದು ಹೋಗಿ ಪಾತ್ರೆ ತೊಳೆದೆ. ಆ ಪಾತ್ರೆ ಸದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಈ ಬಾಯಿಗೆ ಕ್ಷಮೆ ಕೇಳಿ ಅಭ್ಯಾಸ ಇಲ್ಲ, ಕೈಯಿಂದ ಬರೀತಿದ್ದೀನಿ. ತಪ್ಪು ನಂದು. ಹೊಟ್ಟೆಗೆ ಹಾಕಿಕೋ ತಾಯಿ.

ನಿನ್ನ ಎರಡು ಹಾಳೆ ಈಗ ನನಗೆ ಬಾಯಿಪಾಠ. ಪರೀಕ್ಷೆ ಚೆನ್ನಾಗಿ ಬರೆದು, ತಲೆ ಎತ್ತಿಕೊಂಡು ಬಾ. ನೀನು ನೂರು ವರ್ಷ ತಣ್ಣಗಿರು, ನಿನ್ನ ಮಗಳ ನಾಲಿಗೆಗೆ ದೃಷ್ಟಿ ತಾಗದಿರಲಿ.

ನಿನ್ನ
ಅತ್ತೆ

ಮರೆತು ಬಿಟ್ಟದ್ದಲ್ಲ, ಬರೆಯೋಕೆ ಕೈ ಬರಲಿಲ್ಲ: ಬಿಸ್ಕತ್ತು ಕಂಪನಿಗೆ ಫೋನ್ ಮಾಡಿದ ಕಥೆ ಹೇಳಿದಾಗ ನಿನ್ನ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ, ಬಸ್ ಎಷ್ಟು ಹೊತ್ತಿಗೆ ಅಂತ ಹೇಳೋ ಹಾಗೆ, "ನಾನೂ ಸ್ವಲ್ಪ ಹಾಗೇ ಇದ್ದೆನಲ್ಲಮ್ಮ" ಅಂದ. ಅವನಿಗೆ ಐದು ವರ್ಷ ಇದ್ದಾಗ ಹಾಸ್ಟೆಲಿನಲ್ಲಿ ಮೊದಲನೇ ಸಾಲಿಗೆ ಕೂರಿಸ್ತಿದ್ದೆ. ಅಡುಗೆಯವಳ ಮಗನೇ ಊಟ ಬಿಟ್ಟರೆ ಉಳಿದ ಮಕ್ಕಳು ಕೇಳ್ತಾರಾ? ಸೊಪ್ಪು ಬಾಯಿಗಿಟ್ಟರೆ ಅವನಿಗೆ ವಾಂತಿ ಬರೋದು. ಒಂದು ದಿನ ಎಲ್ಲರ ಮುಂದೆ ಮೂಗು ಹಿಡಿದು ತುರುಕಿದೆ. ಎರಡನೇ ಸಲ ಹಿಡಿಯಬೇಕಾಗಲಿಲ್ಲ. ದಾರಿಗೆ ತಂದೆ ಅಂತ ಬೀಗಿದ್ದೆ. "ಅಗಿಯದೆ ನುಂಗೋದು ಕಲಿತುಬಿಟ್ಟೆ ಅಮ್ಮ. ಒಳಗೊಳಗೆ ಎಣಿಸ್ತಾ ಇದ್ದರೆ ಗೊತ್ತಾಗಲ್ಲ. ಎಂಬತ್ತು ಎಣಿಸೋಷ್ಟರಲ್ಲಿ ತಟ್ಟೆ ಖಾಲಿ. ಈಗಲೂ ಹಾಗೇ" ಅಂದ. ಬೇಜಾರಿನಿಂದಲೂ ಹೇಳಲಿಲ್ಲ, ನಗ್ತಾನೇ ಹೇಳಿದ. "ಹಾಗಾದರೆ ನಿನಗೆ ಏನು ಇಷ್ಟ ಹೇಳು, ನಾಳೆ ಅದನ್ನೇ ಮಾಡ್ತೀನಿ" ಅಂದೆ. ತುಂಬ ಹೊತ್ತು ಯೋಚನೆ ಮಾಡಿದ. ಆಮೇಲೆ, "ಗೊತ್ತಿಲ್ಲಮ್ಮ" ಅಂದ. ನೀನು ಹದಿಮೂರು ವರ್ಷ ಅವನ ಜೊತೆ ಕೂತು ಉಂಡಿದ್ದೀಯ. ಅವನಿಗೆ ಏನು ಇಷ್ಟ ಅಂತ ನಿನಗೇನಾದರೂ ಗೊತ್ತಿದ್ದರೆ ನನಗೆ ಬರೆದು ತಿಳಿಸು.