ಇಂಗ್ಲಿಷಿನ ಮೋಸ, ಸೆರಗಿನ ಕೊಂಡಿ

ಇಳಕಲ್,
೬ ಫೆಬ್ರುವರಿ ೨೦೨೫, ಗುರುವಾರ

ನನ್ನ ಪ್ರೀತಿಯ ದಾನೇಶ್ವರಿ,

ಅಜ್ಜನ ಆಶೀರ್ವಾದ. ನಿನ್ನ ಕೆಮ್ಮು ಹೋಯಿತೇ? ಹಾಸ್ಟೆಲ್ಲಿನ ಊಟ ಸೇರದಿದ್ದರೆ ಖಾನಾವಳಿಗೆ ಹೋಗಿ ರೊಟ್ಟಿ ತಿನ್ನು, ಹೊಟ್ಟೆ ಕಟ್ಟಿ ಓದಬೇಡ. ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಈಗಲೇ ಬಿಸಿಲು ಶುರುವಾಗಿರಬೇಕು. ಇಲ್ಲಿ ನಾವು ಹೇಗೋ ಇದ್ದೇವೆ. ನನ್ನ ಮೊಣಕಾಲು ನನ್ನ ಮಾತು ಕೇಳುವುದನ್ನು ಬಿಟ್ಟಿದೆ. ನಿನ್ನ ಅಜ್ಜಿ ಬಸಲಿಂಗವ್ವ ಯಾವತ್ತೂ ಕೇಳಿದವಳಲ್ಲ. ಚಳಿಗೆ ಬಾತಿದ್ದ ಅವಳ ಬೆರಳಿನ ಗಂಟುಗಳು ಇನ್ನೂ ಇಳಿದಿಲ್ಲ. ರೊಟ್ಟಿ ಬಡಿಯಲು ಆಗುವುದಿಲ್ಲ, ಬಡಿಯುವುದನ್ನು ಬಿಡುವುದೂ ಇಲ್ಲ.

ಸೋಮವಾರದ ಸೆಮಿನಾರಿಗೆಂದು, ಮೋಸಕ್ಕೆ ಇಂಗ್ಲಿಷಿನಲ್ಲಿರುವ ಶಬ್ದಗಳ ಹುಟ್ಟು ಕೇಳಿದ್ದೀಯ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವನಿಗೆ ಇದೇನು ದೊಡ್ಡದಲ್ಲ, ಆದರೂ ಮೂರು ದಿನದಿಂದ ನಿಘಂಟು ತೆರೆದು ಮುಚ್ಚಿ ಸಾಕಾಗಿದೆ. ಬರೆದುಕೋ. ‘ಹುಡ್‌ವಿಂಕ್’ ಎಂದರೆ ಮೊದಲು ತಲೆಯ ಮುಸುಕನ್ನು ಕಣ್ಣ ಮೇಲೆಳೆದು ಕಾಣದಂತೆ ಮಾಡುವುದು, ಅಷ್ಟೇ. ಕಣ್ಣಿಗೆ ಮಣ್ಣೆರಚುವ ಅರ್ಥ ಆಮೇಲೆ ಬಂತು. ‘ಶಾಡಿ’ ಪಾಪ, ಹಳೆಯ ಉಣ್ಣೆಯ ಚಿಂದಿ ಹಿಂಜಿ ಮತ್ತೆ ನೂತು ಮಾಡಿದ ಬಟ್ಟೆಯ ಹೆಸರು. ಒಳ್ಳೆಯ ಬಟ್ಟೆಯ ಸೋಗು ಹಾಕಿ ಹೆಸರು ಕೆಡಿಸಿಕೊಂಡಿತು, ಈಗ ಕಳಪೆ ಎಂದೇ ಅರ್ಥ. ‘ಪ್ರಿಟೆಕ್ಸ್ಟ್’, ಅಂದರೆ ನೆಪ, ಲ್ಯಾಟಿನ್ನಿನಿಂದ ಬಂದದ್ದು: ಮುಂದೆ ನೇಯುವುದು. ಹಿಂದಿರುವುದು ಕಾಣದಂತೆ ಮುಂದೊಂದು ನೇಯ್ಗೆ. ನೇಕಾರರ ಊರಿನ ಹುಡುಗಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಕಲಿ ಎಂಬ ಅರ್ಥದ ‘ಶ್ಯಾಮ್’ ಎಲ್ಲಿಂದ ಬಂತೆಂದು ಪಂಡಿತರಿಗೂ ಖಚಿತವಿಲ್ಲ. ನಾಚಿಕೆ ಎಂಬ ಅರ್ಥದ ‘ಶೇಮ್’ನಿಂದ ಇರಬಹುದು ಎನ್ನುತ್ತಾರೆ. ನನಗಂತೂ ಅದೇ ಸರಿ ಅನ್ನಿಸುತ್ತದೆ.

ಕಾಲೇಜಿಗೆ ಹೊರಟಾಗ ಕೊಟ್ಟ, ಇಷ್ಟು ದಿನ ಮಡಿಕೆ ಬಿಚ್ಚದೆ ಇಟ್ಟಿದ್ದ ಅಜ್ಜಿಯ ಸೀರೆಯನ್ನು ಸೆಮಿನಾರಿನ ದಿನವೇ ಉಟ್ಟು, ಕೊನೆಗೆ ಸೆರಗು ತಿರುವಿ ಎಲ್ಲರಿಗೂ ಕೊಂಡಿ ತೋರಿಸಿ, ಇದು ಮೋಸವಿಲ್ಲದ ನೇಯ್ಗೆ ಎಂದು ಹೇಳುತ್ತೇನೆ ಅಂತ ಬರೆದಿದ್ದೀಯ. ಸೀರೆಯ ಮೈಯ ಒಂದೊಂದು ಎಳೆಗೂ ಸೆರಗಿನ ಕೆಂಪು ರೇಷ್ಮೆಯ ಒಂದೊಂದು ಎಳೆ ಸಿಕ್ಕಿಸಿ, ನೇಯುವ ಮೊದಲೇ ಕೈಯಿಂದ ಕೂಡಿಸುವ ಆ ಕೆಲಸದಲ್ಲಿ ನಿನ್ನ ಅಜ್ಜಿಯನ್ನು ಮೀರಿಸಿದವರು ನಮ್ಮ ಓಣಿಯಲ್ಲಿ ಇರಲಿಲ್ಲ. “ಕೊಂಡಿ ಸುಳ್ಳ ಹೇಳೂದಿಲ್ರಿ, ಮುಟ್ಟಿದ್ರ ಗೊತ್ತಾಕ್ಕೈತಿ” ಅನ್ನುತ್ತಿದ್ದಳು. ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಿದೆ, ಸೀರೆಯ ಮಾತೊಂದನ್ನು ಬಿಟ್ಟು. ಯಾಕೆ ಬಿಟ್ಟೆ ಎಂದು ಬರೆಯಹೋದರೆ ಪೆನ್ನು ಮುಂದೆ ಹೋಗುತ್ತಿಲ್ಲ. ದಣಿದಿದ್ದೇನೆ ನನ್ನವ್ವ, ಇವತ್ತಿಗೆ ಇಷ್ಟು ಸಾಕು.

ನೆರೆಮನೆಯ ಶ್ರೀಶೈಲ ನಾಳೆ ಬಾಗಲಕೋಟೆಗೆ ಬರುತ್ತಾನೆ, ಅವನ ಕೈಯಲ್ಲಿ ಇದನ್ನು ಕಳಿಸುತ್ತೇನೆ. ಬಸವಣ್ಣ ನಿನ್ನನ್ನು ನಗುನಗುತ್ತಾ ಇಟ್ಟಿರಲಿ.

ನಿನ್ನ ಅಜ್ಜ,
ಸಂಗಯ್ಯ

ತಾ.ಕ.: ಆ ಸೀರೆ ಉಟ್ಟುಕೊಂಡು ಹೋಗಬೇಡ. ಅದು ಯಂತ್ರದ್ದು, ಕೊಂಡಿ ಇಲ್ಲ. ನೀನು ಕಾಲೇಜಿಗೆ ಹೊರಟಾಗ ಅಜ್ಜಿ ನಿನಗೆಂದು ಕೊಂಡಿ ಹಾಕಲು ಕೂತಳು, ಬೆರಳು ಬಗ್ಗಲಿಲ್ಲ. ನಾನು ಹೋಗಿ ಅಮೀನಸಾಬರ ಅಂಗಡಿಯಲ್ಲಿ ಇದನ್ನು ತಂದೆ. “ಮಾಸ್ತರ, ಇದು ಮಷೀನಿಂದ್ರಿ” ಎಂದು ಅವರು ಎರಡು ಸಲ ಹೇಳಿದ್ದರು. ಅಜ್ಜಿಗೆ, ಮಗ್ಗದ ಮನೆಯ ಮುಮ್ತಾಜ ಕೊಂಡಿ ಹಾಕಿದ್ದು ಎಂದೆ. ನಿನಗೆ, ಬಸ್ಸು ಹತ್ತಿಸುವಾಗ, ಅಜ್ಜಿಯದೇ ಕೊಂಡಿ ಎಂದೆ. ಫೋನಿನಲ್ಲಿ ಹೇಳೋಣವೆಂದರೆ ಅವಳು ಪಕ್ಕದಲ್ಲೇ ಇರುತ್ತಾಳೆ.

ಇಲ್ಲಿಗೆ ಬರೆಯುವಷ್ಟರಲ್ಲಿ ಅವಳೇ ಬಂದು ಏನು ಬರೆಯುತ್ತಿದ್ದೀರಿ ಎಂದಳು. ಓದಿ ಹೇಳಿಬಿಟ್ಟೆ. “ಅವತ್ತ ಸೆರಗ ಮುಟ್ಟಿದಾಗ ಗೊತ್ತಾತ್ರಿ. ಕೂಸು ಫೋನಿನ್ಯಾಗ ನಿನ್ನ ಕೊಂಡಿ ಅಂತ ಹಿಗ್ಗಿದಾಗ ನಾನೂ ಸುಮ್ನ ಕುಂತೆ. ಮೋಸ ಇಬ್ಬರದೂ ಅಂತ ಬರೀರಿ” ಎಂದಳು. ಆಮೇಲೆ ಟ್ರಂಕು ತೆಗೆದು, ಅವತ್ತು ಅರ್ಧಕ್ಕೇ ಬಿಟ್ಟ ಎಳೆಗಳನ್ನು ತಂದು ನನ್ನ ಕೈಯಲ್ಲಿಟ್ಟಳು. ಲಕೋಟೆಯಲ್ಲಿ ಇಟ್ಟಿದ್ದೇನೆ. ಹತ್ತೊಂಬತ್ತು ಕೊಂಡಿ ಕೂಡಿವೆ, ಇಪ್ಪತ್ತನೆಯದು ಕೂಡಿಲ್ಲ. ಸೋಮವಾರ ಅದನ್ನು ತೋರಿಸು.